ಕಣ್ಣು ಹೋದ ಮೇಲೂ ಕಣ್ಣಗೂಡು

ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಸೀಮೆಯಲ್ಲಿ ಕಣ್ಣಿನ ಆಪರೇಷನ್ ಎಂದರೆ ಎಲ್ಲರಿಗೂ ನೆನಪಾಗುವುದು ಪೊರೆ ತೆಗೆಯುವುದೇ. ಅದಕ್ಕೆ ಕಾರಣವೂ ಇದೆ. ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರ ನಡೆಸಿದರು. ಸಾಲಾಗಿ ಮಲಗಿದ ಮುದುಕ ಮುದುಕಿಯರ ಪೊರೆ ತೆಗೆದು ಕಳಿಸಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಅದಕ್ಕಿಂತ ದೊಡ್ಡದಾಗಿ ಬಂದದ್ದು ಜನರ ಮನಸ್ಸಿನ ನಂಬಿಕೆ: ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಬೆಳಕು ಬಂತು, ಊರಿಗೆ ಹೊರಡು.

ಕ್ಯಾನ್ಸರ್ ಆಗಿದೆ ಎಂದು ಕಣ್ಣುಗುಡ್ಡೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಈ ನಂಬಿಕೆಗೆ ತೀರ ವಿರುದ್ಧ. ಇಲ್ಲಿ ಪಟ್ಟಿ ಬಿಚ್ಚಿದಾಗ ಬೆಳಕು ಬರುವುದಿಲ್ಲ. ಆಪರೇಷನ್ನಿಗೆ ಹಿಡಿಯುವುದು ಹೆಚ್ಚೆಂದರೆ ಒಂದೆರಡು ಗಂಟೆ. ಆಮೇಲಿನ ಆರೈಕೆ ಬದುಕಿರುವವರೆಗೆ. "ಆಪರೇಷನ್ ಆತಲ್ಲ, ಇನ್ನೇನೈತಿ?" ಎಂದು ಊರಿಗೆ ಹೋಗಿ ಕುಳಿತವರಿಗೇ ತೊಂದರೆಗಳು ಹೆಚ್ಚು. ತೆಗೆದದ್ದು ಕಣ್ಣನ್ನು ಮಾತ್ರ. ಅದು ಕುಳಿತಿದ್ದ ಎಲುಬಿನ ಗೂಡು, ಗೂಡಿನ ಸ್ನಾಯುಗಳು, ಕೆಂಪು ಒಳಪೊರೆ, ರೆಪ್ಪೆ ಎಲ್ಲವೂ ಜೀವಂತವಾಗಿ ಉಳಿದಿರುತ್ತವೆ. ಈ ಅಧ್ಯಾಯ ಆ ಗೂಡಿನದು.

ಯಾರ ಕಣ್ಣು ತೆಗೆಯುತ್ತಾರೆ? ನಮ್ಮಲ್ಲಿ ಹೆಚ್ಚಾಗಿ ಪುಟ್ಟ ಮಕ್ಕಳದು. ರೆಟಿನೊಬ್ಲಾಸ್ಟೋಮಾ ಅಕ್ಷಿಪಟದಲ್ಲಿ ಹುಟ್ಟುವ ಕ್ಯಾನ್ಸರ್. ಸುಮಾರು 16ರಿಂದ 18 ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ, ಬಹುಪಾಲು ಐದು ವರ್ಷದೊಳಗೆ. ಹುಟ್ಟುವ ಮಕ್ಕಳ ಸಂಖ್ಯೆ ಹೆಚ್ಚಿರುವುದರಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹೊಸ ರೋಗಿಗಳು ಭಾರತದವರು. ಕತ್ತಲ ಕೋಣೆಯಲ್ಲಿ ದೀಪದ ಬೆಳಕು ಒಂದು ಕೋನದಿಂದ ಬಿದ್ದಾಗಲೋ ಮೊಬೈಲಿನಲ್ಲಿ ಫ್ಲಾಶ್ ಹಾಕಿ ಫೋಟೋ ತೆಗೆದಾಗಲೋ ಮಗುವಿನ ಪಾಪೆ ಬೆಳ್ಳಗೆ ಹೊಳೆಯುತ್ತದೆ. "ಬೆಕ್ಕಿನ ಕಣ್ಣಂಗ ಹೊಳಿತೈತ್ರಿ" ಎಂದು ಅದನ್ನು ಮೊದಲು ಗುರುತಿಸುವವಳು ಸಾಮಾನ್ಯವಾಗಿ ತಾಯಿ, ಇಲ್ಲವೇ ಅಜ್ಜಿ. ದೊಡ್ಡವರಲ್ಲಿ ಬರುವ ಕಣ್ಣಿನ ಮೆಲನೋಮಾ ಬಿಳಿಯರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ.

ಕೀಮೋಥೆರಪಿ, ಲೇಸರ್, ಶೈತ್ಯ ಚಿಕಿತ್ಸೆಗಳಿಂದ ಇಂದು ಅನೇಕ ಮಕ್ಕಳ ಕಣ್ಣು ಉಳಿಯುತ್ತದೆ. ಬೇಗ ಬಂದವರಿಗೆ ಮಾತ್ರ ಆ ಅದೃಷ್ಟ. 153 ದೇಶಗಳ 4,351 ಮಕ್ಕಳ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದಾಗ ಶ್ರೀಮಂತ ದೇಶದ ಮಗುವಿಗೆ ಸುಮಾರು 14 ತಿಂಗಳು, ಬಡ ದೇಶದ ಮಗುವಿಗೆ ಸುಮಾರು 30 ತಿಂಗಳು. ಆ ಹದಿನಾರು ತಿಂಗಳಲ್ಲಿ ಗಡ್ಡೆ ಕಣ್ಣು ತುಂಬಿ ದೃಷ್ಟಿನರದ ಬಾಗಿಲಿಗೆ ಬಂದು ನಿಂತಿರುತ್ತದೆ. ಆಗ ವೈದ್ಯರು ಹೇಳುವುದು ಒಂದೇ ಮಾತು: ಜೀವ ಉಳಿಯಬೇಕಾದರೆ ಕಣ್ಣು ತೆಗೆಯಬೇಕು.

ಆ ಮಾತು ಕೇಳಿದ ಮನೆಯವರ ಕಡೆಯಿಂದ ಮೂರು ಪ್ರಶ್ನೆ ಬಂದೇ ಬರುತ್ತವೆ. ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಅವರು ಮಗುವನ್ನು ಎತ್ತಿಕೊಂಡು ಎದ್ದು ಹೋಗುತ್ತಾರೆ. ನಾಲ್ಕು ತಿಂಗಳ ಮೇಲೆ ತಿರುಗಿ ಬರುವಾಗ ಕಣ್ಣು ರೆಪ್ಪೆ ದಾಟಿ ಹೊರಗೆ ಉಬ್ಬಿರುತ್ತದೆ.

ಮೊದಲನೆಯದು, "ಬ್ಯಾರೇದವ್ರ ಕಣ್ಣ ಹಾಕಾಕ ಬರೂದಿಲ್ಲೇನ್ರಿ? ರಾಜಕುಮಾರ್ ಕೊಟ್ಟಾರಲ್ಲ." ನೇತ್ರದಾನದ ಮಾತು ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿದ್ದು ಡಾ. ರಾಜಕುಮಾರ್ ಅವರಿಂದ. 2006ರಲ್ಲಿ ಅವರ ಕಣ್ಣುಗಳು, 2021ರಲ್ಲಿ ಮಗ ಪುನೀತ್ ಅವರ ಕಣ್ಣುಗಳು ದಾನವಾದವು. ಪುನೀತ್ ಅವರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ವರಿಗೆ ಹೇಗೆ? ಹಾಕಿದ್ದು ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ಮಾತ್ರ. ಒಂದೊಂದು ಕಾರ್ನಿಯಾವನ್ನೂ ಎರಡು ಪದರವಾಗಿ ಬಿಡಿಸಿ ಹಂಚಿದರು. ಇಡೀ ಕಣ್ಣನ್ನು ಯಾರಿಂದಲೂ ಯಾರಿಗೂ ಹಾಕಿ ನೋಟ ತರಲು ಇನ್ನೂ ಆಗಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಎಳೆಗಳಿವೆ. ಒಮ್ಮೆ ಕತ್ತರಿಸಿದರೆ ಅವು ತಾವಾಗಿ ಕೂಡುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ವೈದ್ಯರು ಮುಖದ ಭಾಗದೊಂದಿಗೆ ಇಡೀ ಕಣ್ಣನ್ನು ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ಅದು ಜೀವಂತ ಉಳಿಯಿತು, ನೋಟ ಮಾತ್ರ ಬರಲಿಲ್ಲ.

ಎರಡನೆಯ ಪ್ರಶ್ನೆ ಹೆಚ್ಚು ಆಳವಾದದ್ದು. "ಕ್ಯಾನ್ಸರಿಗಿ ಕತ್ತರಿ ಹಚ್ಚಿದ್ರ ಹಬ್ಬತೈತಂತಲ್ರಿ?" ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರ ಬಗ್ಗೆ ನನಗೆ ಬೇಸರವಿದೆ. ಏಕೆಂದರೆ ಇದೇ ಪ್ರಶ್ನೆಯನ್ನು 1978ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು, ಜಿಮ್ಮರ್ಮನ್, ಮೆಕ್ಲೀನ್ ಮತ್ತು ಫಾಸ್ಟರ್, ಎತ್ತಿದ್ದರು. ಮೆಲನೋಮಾಕ್ಕಾಗಿ ಕಣ್ಣು ತೆಗೆದ ಕೆಲ ವರ್ಷಗಳಲ್ಲೇ ಸಾವುಗಳು ಏರುವುದನ್ನು ಕಂಡು, ತೆಗೆಯುವ ಒತ್ತಡದಲ್ಲೇ ಕ್ಯಾನ್ಸರ್ ಕೋಶಗಳು ರಕ್ತಕ್ಕೆ ನುಗ್ಗುತ್ತವೆಯೇ ಎಂದು ಅವರು ಶಂಕಿಸಿದರು. ಉತ್ತರ ಹುಡುಕಲು ದೊಡ್ಡ ಪರೀಕ್ಷೆಯೇ ನಡೆಯಿತು. ಮಧ್ಯಮ ಗಾತ್ರದ ಗಡ್ಡೆಯಿದ್ದ 1,317 ಜನರಲ್ಲಿ ಕೆಲವರ ಕಣ್ಣು ತೆಗೆದರು, ಉಳಿದವರ ಕಣ್ಣು ಉಳಿಸಿ ಗಡ್ಡೆಯ ಪಕ್ಕದಲ್ಲೇ ವಿಕಿರಣದ ಬಿಲ್ಲೆ ಹೊಲಿದರು. ಎರಡೂ ಗುಂಪಿನವರು ಬದುಕಿದ ಅವಧಿ ಒಂದೇ. ಕಣ್ಣು ತೆಗೆದದ್ದರಿಂದ ಯಾರ ಆಯುಷ್ಯವೂ ಕಡಿಮೆಯಾಗಿರಲಿಲ್ಲ. ಹರಡಬೇಕಾದ ಕೋಶಗಳು ಆಪರೇಷನ್ನಿಗೆ ಎಷ್ಟೋ ಮೊದಲೇ ಹೊರಟುಹೋಗಿದ್ದವು ಎಂದು ಇಂದು ತಜ್ಞರು ತಿಳಿಯುತ್ತಾರೆ. ಮೆಲನೋಮಾದಲ್ಲಿ ಅವು ಹೆಚ್ಚಾಗಿ ಹೋಗಿ ಸೇರುವುದು ಲಿವರಿಗೆ; ಅದಕ್ಕೇ ಕಣ್ಣು ತೆಗೆಸಿಕೊಂಡ ದೊಡ್ಡವರಿಗೆ ವರ್ಷಗಟ್ಟಲೆ ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ.

ಮಕ್ಕಳ ಕಣ್ಣಿನ ವಿಚಾರದಲ್ಲಿ ಹಳ್ಳಿಯ ಆ ಭಯದೊಳಗೆ ಸತ್ಯದ ಒಂದು ತುಣುಕೂ ಇದೆ. ರೆಟಿನೊಬ್ಲಾಸ್ಟೋಮಾ ಇರುವ ಕಣ್ಣನ್ನು ಚುಚ್ಚಬಾರದು, ತೆರೆಯಬಾರದು. ಬಿಳಿ ಪಾಪೆ ಕಂಡು ಪೊರೆ ಎಂದು ತಿಳಿದು ಯಾರಾದರೂ ಸೂಜಿಯನ್ನೋ ಚಾಕುವನ್ನೋ ಒಳಗೆ ಹಾಕಿದರೆ, ಅದುವರೆಗೆ ಕಣ್ಣೊಳಗೆ ಬಂದಿಯಾಗಿದ್ದ ಕ್ಯಾನ್ಸರಿಗೆ ಹೊರದಾರಿ ಸಿಕ್ಕಂತೆ. ಅದಕ್ಕೇ ಮಕ್ಕಳಿಗೆ ಪೊರೆ ಎಂದು ಆಪರೇಷನ್ ಮಾಡುವ ಮೊದಲು ಸ್ಕ್ಯಾನ್ ಮಾಡಿ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೇ ಗಡ್ಡೆಯಿರುವ ಕಣ್ಣನ್ನು ಮುಚ್ಚಿದ ಡಬ್ಬಿಯಂತೆ ಇಡಿಯಾಗಿ, ಒಡೆಯದೆ ತೆಗೆಯುತ್ತಾರೆ.

ಮೂರನೆಯ ಪ್ರಶ್ನೆ, "ಹೆಣ್ಣ ಹುಡುಗಿ ಐತ್ರಿ. ಮುಂದ ಮದಿವಿ?" ಇದಕ್ಕೆ ಉತ್ತರ ಈ ಅಧ್ಯಾಯದ ಉಳಿದ ಭಾಗದಲ್ಲಿದೆ, ಏಕೆಂದರೆ ಮುಖ ಮೊದಲಿನಂತೆ ಕಾಣುವುದೋ ಇಲ್ಲವೋ ಎಂಬುದು ಗೂಡಿನ ಆರೈಕೆಯನ್ನೇ ಅವಲಂಬಿಸಿದೆ.

ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ಹಿಡಿದಿರುತ್ತವೆ. ಶಸ್ತ್ರವೈದ್ಯರು ಅವನ್ನು ಒಂದೊಂದಾಗಿ ಬಿಡಿಸುತ್ತಾರೆ, ಅದರಲ್ಲಿ ನಾಲ್ಕನ್ನು ದಾರ ಹಾಕಿ ಜೋಪಾನ ಮಾಡುತ್ತಾರೆ. ಸ್ನಾಯು ಎಳೆದಾಗ ಮಗುವಿನ ಎದೆಬಡಿತ ಇದ್ದಕ್ಕಿದ್ದಂತೆ ನಿಧಾನವಾಗಬಹುದು. ಕಣ್ಣಿಗೂ ಹೃದಯಕ್ಕೂ ನಡುವೆ ಅಂಥದೊಂದು ನರದ ನಂಟು ಇರುವುದು 1908ರಿಂದಲೇ ಗೊತ್ತು. ಅರಿವಳಿಕೆ ತಜ್ಞರು ಆ ಹೊತ್ತಿನಲ್ಲಿ ಮಾನಿಟರ್ ಬಿಟ್ಟು ಕಣ್ಣು ಕದಲಿಸುವುದಿಲ್ಲ. ಆಮೇಲೆ ದೃಷ್ಟಿನರ. ಕಣ್ಣಿನ ಬುಡದಲ್ಲೇ ಕತ್ತರಿಸಿದರೆ ಸಾಲದು, ಕಣ್ಣಿನ ಜೊತೆಗೆ ಹತ್ತು ಹದಿನೈದು ಮಿಲಿಮೀಟರ್ ಉದ್ದದ ನರವೂ ಬರಬೇಕು. ಏಕೆಂದರೆ ಈ ಕ್ಯಾನ್ಸರ್ ಮಿದುಳಿಗೆ ಹೋಗುವ ದಾರಿ ಅದೇ.

ತೆಗೆದ ಜಾಗ ಖಾಲಿ ಬಿಡುವುದಿಲ್ಲ. ದೊಡ್ಡವರ ಕಣ್ಣುಗುಡ್ಡೆ ಸುಮಾರು 7 ಮಿಲಿಲೀಟರ್, ಹೆಚ್ಚೂಕಡಿಮೆ ಒಂದೂವರೆ ಟೀ ಚಮಚದಷ್ಟು. ಅಷ್ಟು ಜಾಗ ಬರಿದಾದರೆ ಮುಖದಲ್ಲಿ ಹೊಂಡ ಬೀಳುತ್ತದೆ. 1880ರ ದಶಕದಲ್ಲಿ ಇಂಗ್ಲೆಂಡಿನ ಮ್ಯೂಲ್ಸ್ ಎಂಬ ವೈದ್ಯ ಬರಿದಾದ ಕಣ್ಣೊಳಗೆ ಗಾಜಿನ ಗುಂಡು ಇಡುವ ಉಪಾಯ ಹೂಡಿದ. ಇಂದು ಅಕ್ರಿಲಿಕ್ ಇಲ್ಲವೇ ಸಿಲಿಕೋನ್ ಗುಂಡು, ಅಥವಾ ಸಣ್ಣ ಸಣ್ಣ ರಂಧ್ರಗಳಿರುವ ಪಾಲಿಎಥಿಲೀನ್ ಗುಂಡು ಇಡುತ್ತಾರೆ. ಸಮುದ್ರದ ಹವಳದಿಂದ ತಯಾರಾದ ಗುಂಡುಗಳೂ ಇವೆ. ಅವುಗಳ ರಂಧ್ರಗಳೊಳಗೆ ರಕ್ತನಾಳಗಳು ಬೆಳೆದು ಗುಂಡು ದೇಹದ ಭಾಗವೇ ಆಗಿಬಿಡುತ್ತದೆ. 20 ಮಿಲಿಮೀಟರ್ ಅಗಲದ ಗುಂಡು ತುಂಬುವುದು ಸುಮಾರು 4 ಮಿಲಿಲೀಟರ್. ಉಳಿದದ್ದನ್ನು ಮುಂದೆ ಕೂರಿಸುವ ಕೃತಕ ಕಣ್ಣು ತುಂಬಬೇಕು. ಸ್ನಾಯುಗಳನ್ನು ಗುಂಡಿಗೆ ಜೋಡಿಸಿ, ಅದರ ಮೇಲೆ ಪದರ ಪದರವಾಗಿ ಹೊಲಿದು, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು ಇಟ್ಟು, ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ.

ತೆಗೆದ ಕಣ್ಣು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ರೋಗಶಾಸ್ತ್ರ ವಿಭಾಗಕ್ಕೆ ಹೋಗುತ್ತದೆ. ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಹಾಳೆ ಹೊರಬರುವುದು ಅಲ್ಲಿಂದ, ಸುಮಾರು ಒಂದೆರಡು ವಾರದ ಮೇಲೆ. ಅಷ್ಟು ಹೊತ್ತಿಗೆ ಮಗು ಊರು ಸೇರಿರುತ್ತದೆ. ಬಾವು ಇಳಿದಿರುತ್ತದೆ, ಮಗು ಅಂಗಳದಲ್ಲಿ ಓಡಾಡುತ್ತಿರುತ್ತದೆ. ವರದಿ ತರಲು ಯಾರು ಮತ್ತೆ ಹೋಗಬೇಕು? ಮುದ್ದೇಬಿಹಾಳದವರಾದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರು, ಇಲ್ಲವೇ ಹುಬ್ಬಳ್ಳಿ. ಇಂಡಿಯವರಾದರೆ ಗಡಿ ದಾಟಿ ಸೊಲ್ಲಾಪುರ. ತೊಗರಿ ರಾಶಿಯ ದಿನಗಳಾದರೆ ಕೂಲಿ ಬಿಟ್ಟು ಹೋಗುವುದು ಇನ್ನೂ ಕಷ್ಟ.

ಆ ಹಾಳೆಯಲ್ಲಿ ಏನಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಕ್ಯಾನ್ಸರ್ ದೃಷ್ಟಿನರದೊಳಗೆ ಎಷ್ಟು ದೂರ ಹೋಗಿದೆ, ಕತ್ತರಿಸಿದ ತುದಿಯಲ್ಲಿ ಕೋಶಗಳಿವೆಯೇ, ಅಕ್ಷಿಪಟದ ಹಿಂದಿನ ಕೊರಾಯ್ಡ್ ಎಂಬ ರಕ್ತನಾಳಗಳ ಪದರಕ್ಕೆ ಹೆಚ್ಚಾಗಿ ನುಗ್ಗಿದೆಯೇ, ಕಣ್ಣಿನ ಹೊರಗೋಡೆ ದಾಟಿದೆಯೇ, ಈ ನಾಲ್ಕರ ಉತ್ತರ ಅದರಲ್ಲಿದೆ. ಇವುಗಳಲ್ಲಿ ಅಪಾಯದ ಲಕ್ಷಣ ಕಂಡರೆ, ಕಣ್ಣು ತೆಗೆದಾಗಿದ್ದರೂ ಕೀಮೋಥೆರಪಿ ಬೇಕು. ಮಗು ಆರೋಗ್ಯವಾಗಿ ಆಡುತ್ತಿರುವಾಗ ಕೀಮೋ ಏಕೆ ಎಂದು ಯಾರಿಗಾದರೂ ಅನಿಸುತ್ತದೆ. ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟವರಲ್ಲಿ ಡಾ. ಸಂತೋಷ್ ಹೊನ್ನಾವರ ಒಬ್ಬರು. ಹೆಸರಿನಲ್ಲೇ ಕರಾವಳಿಯ ಊರನ್ನು ಹೊತ್ತಿರುವ ಈ ವೈದ್ಯರಿಗೆ 2009ರ ಭಟ್ನಾಗರ್ ಪ್ರಶಸ್ತಿ ಬಂದಿದೆ. 2002ರಲ್ಲಿ ಅವರೂ ಸಂಗಡಿಗರೂ ಅಪಾಯದ ಲಕ್ಷಣಗಳಿದ್ದ 80 ಮಕ್ಕಳ ಲೆಕ್ಕ ಪ್ರಕಟಿಸಿದರು. ಆಪರೇಷನ್ ನಂತರ ಹೆಚ್ಚುವರಿ ಚಿಕಿತ್ಸೆ ಪಡೆಯದವರಲ್ಲಿ ಕ್ಯಾನ್ಸರ್ ದೇಹಕ್ಕೆ ಹರಡಿದ್ದು ಶೇ. 24 ಮಕ್ಕಳಲ್ಲಿ. ಚಿಕಿತ್ಸೆ ಪಡೆದವರಲ್ಲಿ ಶೇ. 4. ರಾತ್ರಿ ಬಸ್ಸಿನ ಆ ಪ್ರಯಾಣಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈಗ ಮನೆಯಲ್ಲಿ ಏನಾಗುತ್ತದೆ ನೋಡೋಣ. ಮೊದಲ ಎರಡು ಮೂರು ದಿನ ರೆಪ್ಪೆ ಊದಿ ನೀಲಿಗಟ್ಟುವುದು, ನೋವು, ವಾಂತಿ ಸಾಮಾನ್ಯ. ಪಟ್ಟಿ ನೆನೆದು ತೊಟ್ಟಿಕ್ಕುವಷ್ಟು ರಕ್ತ, ದಿನದಿಂದ ದಿನಕ್ಕೆ ಏರುವ ನೋವು, ಜ್ವರ, ದುರ್ವಾಸನೆಯ ಕೀವು ಸಾಮಾನ್ಯವಲ್ಲ. ಕೀಮೋ ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಅದಂತೂ ತುರ್ತು. ಬಿಳಿ ರಕ್ತಕಣ ಕುಸಿದಿರುವಾಗ ಸಣ್ಣ ಸೋಂಕೂ ಗಂಟೆಗಳಲ್ಲಿ ದೊಡ್ಡದಾಗುತ್ತದೆ. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಹೆಚ್ಚಿನ ಮನೆಗಳಲ್ಲಿ ಮೊದಲ ಗಾಬರಿ ಹುಟ್ಟಿಸುವುದು ಆ ಪ್ಲಾಸ್ಟಿಕ್ ಬಟ್ಟಲು. ಮಗು ಕಣ್ಣುಜ್ಜಿದಾಗ ಅದು ಪಟಕ್ಕನೆ ಉದುರುತ್ತದೆ, ಒಳಗೆ ಕೆಂಪಗೆ ಕಾಣುತ್ತದೆ. ಆ ಕೆಂಪು ಗಾಯವಲ್ಲ, ಬಾಯಿಯ ಒಳಬದಿಯಂಥ ಆರೋಗ್ಯವಂತ ಪೊರೆ. ಬಟ್ಟಲಿನ ಕೆಲಸ ಆ ಪೊರೆಯ ಮಡಿಕೆಗಳು ಒಂದಕ್ಕೊಂದು ಅಂಟದಂತೆ ಜಾಗ ಹಿಡಿದಿಡುವುದು. ಅದು ಬಿದ್ದರೆ ಕೈ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ ಬಟ್ಟಲನ್ನು ತೊಳೆದು, ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಂತೆ ಮತ್ತೆ ಕೂರಿಸಬೇಕು. ಬಾರದಿದ್ದರೆ ಒಂದೆರಡು ದಿನದಲ್ಲಿ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಕಪಾಟಿನಲ್ಲಿ ಎತ್ತಿಟ್ಟು ತಿಂಗಳುಗಟ್ಟಲೆ ಮರೆತರೆ ಗೂಡು ಒಳಗಿಂದ ಕುಗ್ಗುತ್ತದೆ. ಕುಗ್ಗಿದ ಗೂಡಿನಲ್ಲಿ ಕೃತಕ ಕಣ್ಣು ನಿಲ್ಲುವುದಿಲ್ಲ. ಆಮೇಲೆ ತುಟಿಯ ಒಳಬದಿಯಿಂದ ಪೊರೆ ತೆಗೆದು ಇಲ್ಲಿ ಕಸಿ ಮಾಡುವ ಇನ್ನೊಂದು ಆಪರೇಷನ್. ವಿಕಿರಣ ಚಿಕಿತ್ಸೆ ಆದವರಲ್ಲಿ ಈ ಕುಗ್ಗುವಿಕೆ ಇನ್ನೂ ಹೆಚ್ಚು.

ಆರು ವಾರದ ಸುಮಾರಿಗೆ ಕೃತಕ ಕಣ್ಣಿನ ಸರದಿ. ಜನ ಇದನ್ನು ಈಗಲೂ ಗಾಜಿನ ಕಣ್ಣು ಎನ್ನುತ್ತಾರೆ. ಒಂದು ಕಾಲಕ್ಕೆ ಗಾಜಿನದೇ ಆಗಿತ್ತು, ಒಳ್ಳೆಯದು ಬೇಕೆಂದರೆ ಜರ್ಮನಿಯ ಲಾಶಾ ಎಂಬ ಊರಿನಿಂದ ಬರಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಸರಕು ನಿಂತುಹೋಯಿತು, ಕಣ್ಣು ಕಳೆದುಕೊಂಡ ಸೈನಿಕರು ಮಾತ್ರ ಹೆಚ್ಚಿದರು. ಆಗ ಅಮೆರಿಕ ಸೇನೆಯ ದಂತವೈದ್ಯ ವಿಭಾಗದವರು ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್‌ನಲ್ಲೇ ಕಣ್ಣು ಮಾಡಿದರು. ಇಂದಿಗೂ ಅದೇ ವಸ್ತು.

ಅದನ್ನು ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಲ್ಲಿನ ಅಚ್ಚು ತೆಗೆಯುವ ಪುಡಿಯನ್ನೇ ನೀರಿನಲ್ಲಿ ಕಲಸಿ, ಸಿರಿಂಜಿನಿಂದ ಗೂಡಿನೊಳಗೆ ಬಿಟ್ಟು, ಒಂದೆರಡು ನಿಮಿಷ ಎದುರು ನೋಡಲು ಹೇಳುತ್ತಾರೆ. ಅಚ್ಚು ಗಟ್ಟಿಯಾಗಿ ಹೊರಬಂದಾಗ ಅದರ ಆಕಾರ ಗುಂಡಗಿರುವುದಿಲ್ಲ. ತೆಳುವಾದ ಚಿಪ್ಪಿನಂತೆ, ಒಂದು ಬದಿ ದಪ್ಪ, ಇನ್ನೊಂದು ಬದಿ ಸಪೂರ. ಒಬ್ಬರದು ಇನ್ನೊಬ್ಬರಿಗೆ ಹೊಂದದು. ಅಚ್ಚಿನಿಂದ ಮೇಣ, ಮೇಣದಿಂದ ಬಿಳಿ ಅಕ್ರಿಲಿಕ್. ಆಮೇಲೆ ಕುಶಲಕರ್ಮಿ ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಉಳಿದ ಕಣ್ಣನ್ನು ನೋಡುತ್ತಾ ಕುಂಚದಲ್ಲಿ ಬಣ್ಣ ಹಚ್ಚುತ್ತಾರೆ. ನಮ್ಮವರ ಕಣ್ಣು ಕಪ್ಪಲ್ಲ, ಕಂದು. ಅದರಲ್ಲೂ ಅಂಚಿಗೊಂದು ಬಣ್ಣ, ನಡುವಿಗೊಂದು. ಬಿಳಿಗುಡ್ಡೆಯೂ ಅಪ್ಪಟ ಬಿಳಿಯಲ್ಲ, ಅದಕ್ಕೆ ಹಳದಿಯ ಛಾಯೆ ಕೊಡಬೇಕು. ಕೊನೆಗೆ ಕೆಂಪು ರೇಷ್ಮೆ ದಾರದ ನವಿರಾದ ಎಳೆಗಳನ್ನು ಬಿಡಿಸಿ ರಕ್ತನಾಳಗಳಂತೆ ಅಂಟಿಸಿ, ಮೇಲೊಂದು ಪಾರದರ್ಶಕ ಪದರ ಹಾಕಿ ಕನ್ನಡಿಯಂತೆ ಉಜ್ಜುತ್ತಾರೆ. ಕೂರಿಸಿದ ಮೇಲೆ ತಾಯಿ ಮಗುವಿನ ಮುಖ ಹಿಡಿದು ಯಾವುದು ಯಾವುದೆಂದು ಎರಡೆರಡು ಸಲ ನೋಡುವುದುಂಟು. ಮದುವೆಯ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲಿದೆ. ಎಲ್ಲರಿಗೂ ಒಂದೇ ಅಳತೆಯ ಸಿದ್ಧ ಕಣ್ಣುಗಳು ಅಗ್ಗಕ್ಕೆ ಸಿಗುತ್ತವೆ. ಅವು ಸರಿಯಾಗಿ ಕೂರದೆ ಒಂದು ಕಡೆ ಒತ್ತುತ್ತವೆ, ಇನ್ನೊಂದು ಕಡೆ ಸಂದು ಬಿಡುತ್ತವೆ. ಆ ಸಂದಿನಲ್ಲಿ ಕಣ್ಣೀರು ನಿಂತು ಕೊಳೆಯುತ್ತದೆ.

ಕಣ್ಣೀರು, ಪಿಚ್ಚು: ಇವು ಬಹುಕಾಲ ಕಾಡುವ ದೂರು. ಗುಡ್ಡೆ ಹೋದರೂ ಕಣ್ಣೀರಿನ ಗ್ರಂಥಿ ಇದೆ, ಪೊರೆ ಲೋಳೆ ಸುರಿಸುತ್ತಲೇ ಇರುತ್ತದೆ. ಬೆಳಗ್ಗೆ ಎದ್ದಾಗ ತುಸು ಬಿಳಿ ಪಿಚ್ಚು ಕಟ್ಟಿದ್ದರೆ ಹೆದರಬೇಕಿಲ್ಲ. ಎರೆ ಹೊಲದ ಧೂಳು, ಬೇಸಿಗೆಯ ಬಿಸಿಗಾಳಿ, ರಾಶಿ ಮಷಿನ್ನಿನ ಹೊಟ್ಟು ಅದನ್ನು ಹೆಚ್ಚಿಸುತ್ತವೆ. ದಿನಾ ಕಣ್ಣು ತೆಗೆದು ತೊಳೆದರೆ ಸ್ವಚ್ಛವಾಗಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ತಿರುಗುಬಾಣ, ಪದೇ ಪದೇ ತೆಗೆದು ಹಾಕಿದಷ್ಟೂ ಪೊರೆ ಉರಿಗೊಂಡು ಲೋಳೆ ಜಾಸ್ತಿ ಸುರಿಯುತ್ತದೆ. ವೈದ್ಯರು ಹೇಳಿದಷ್ಟು ಸಲ ಮಾತ್ರ ತೆಗೆದು, ಸೋಪಿನ ನೀರಿನಲ್ಲಿ ಬೆರಳಿನಿಂದ ತೊಳೆದು, ಮತ್ತೆ ಹಾಕಿಕೊಂಡೇ ಮಲಗುವುದು ಲೇಸು. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು, ಏಕೆಂದರೆ ಬರಿಗಣ್ಣಿಗೆ ಕಾಣದ ಗೀರುಗಳಲ್ಲಿ ಕೊಳೆ ಕೂರುತ್ತದೆ. ಹರಳೆಣ್ಣೆ, ಎದೆಹಾಲು, ಗಿಡದ ರಸ ಯಾವುದನ್ನೂ ಬಿಡಬಾರದು. ಪಿಚ್ಚು ಹಳದಿಯಾಗಿ ವಾಸನೆ ಬಂದರೆ, ಅದರಲ್ಲಿ ರಕ್ತ ಬೆರೆತರೆ, ಒಳಗೆ ನೋಡಿದಾಗ ಕೆಂಪು ಪೊರೆಯ ನಡುವೆ ಬಿಳಿ ಚುಕ್ಕೆ ಕಂಡರೆ, ಹೂತಿಟ್ಟ ಗುಂಡು ಹೊರಗೆ ಇಣುಕುತ್ತಿರಬಹುದು. ಚುಕ್ಕೆ ಸಣ್ಣದಿರುವಾಗ ಹೊಲಿಗೆ ಹಾಕಿ ಮುಚ್ಚಬಹುದು. ತಡವಾದರೆ ಸೋಂಕು ತಗಲಿ ಗುಂಡನ್ನೇ ತೆಗೆಯಬೇಕಾಗುತ್ತದೆ, ಆ ಜಾಗಕ್ಕೆ ಪೃಷ್ಠದಿಂದ ಚರ್ಮದಡಿಯ ಕೊಬ್ಬು ತಂದು ತುಂಬಬೇಕಾಗುತ್ತದೆ.

ವರ್ಷಗಳು ಉರುಳಿದಂತೆ ಮೇಲಿನ ರೆಪ್ಪೆಯ ಮೇಲೆ ಹಳ್ಳ ಬೀಳುವುದು, ರೆಪ್ಪೆ ಜೋಲುವುದು, ಕೃತಕ ಕಣ್ಣಿನ ಭಾರಕ್ಕೆ ಕೆಳರೆಪ್ಪೆ ಸಡಿಲಾಗುವುದು ಇವೆ. ಮಕ್ಕಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲುಬಿನ ಗೂಡು ಬೆಳೆಯಲು ಒಳಗಿನ ಕಣ್ಣು ಬೆಳೆಯುತ್ತಾ ಒತ್ತಡ ಕೊಡಬೇಕು. ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿಲಿಮೀಟರ್, ದೊಡ್ಡವರದು 24. ಎರಡು ವರ್ಷದ ಮಗುವಿನ ಕಣ್ಣು ತೆಗೆದು ಗೂಡನ್ನು ಹಾಗೇ ಬಿಟ್ಟರೆ ಆ ಬದಿಯ ಮುಖ ಹಿಂದೆ ಬೀಳುತ್ತದೆ; ಹತ್ತು ವರ್ಷಕ್ಕೆ ಎರಡು ಕೆನ್ನೆ ಎರಡು ತರ. ಅದಕ್ಕೇ ಆಗುವಷ್ಟು ದೊಡ್ಡ ಗುಂಡು ಇಡುವುದು, ಅದಕ್ಕೇ ಮಗು ಬೆಳೆದಂತೆ ಕೃತಕ ಕಣ್ಣನ್ನೂ ಬದಲಿಸುವುದು. ಮೂರನೆಯ ವರ್ಷದ ಅಂಗಿ ಹತ್ತನೆಯ ವರ್ಷಕ್ಕೆ ಆಗುತ್ತದೆಯೇ?

ಯಾರೂ ಬಾಯಿಬಿಟ್ಟು ಹೇಳದ ತೊಂದರೆಯೊಂದಿದೆ. ಇಲ್ಲದ ಕಣ್ಣು ನೋಯುತ್ತದೆ, ಇಲ್ಲದ ಕಣ್ಣಿಗೆ ಬೆಳಕು, ಬಣ್ಣ, ಆಕಾರ ಕಾಣುತ್ತದೆ. ಕಾಲು ಕತ್ತರಿಸಿದವರಿಗೆ ಇಲ್ಲದ ಪಾದ ತುರಿಸುವಂತೆಯೇ ಇದು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಲನೋಮಾಕ್ಕಾಗಿ ಕಣ್ಣು ತೆಗೆಸಿಕೊಂಡವರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ಅನುಭವ ಹೇಳಿಕೊಂಡಿದ್ದರು. ಕಾರಣ ಮಿದುಳಿನಲ್ಲಿದೆ. ತಲೆಯ ಹಿಂಬದಿಯ ದೃಷ್ಟಿ ಕೇಂದ್ರಕ್ಕೆ ಕಣ್ಣು ಹೋದ ಸುದ್ದಿ ತಲುಪಿಲ್ಲ. ಸಂಕೇತ ಬಾರದಿದ್ದಾಗ ಅದು ತಾನೇ ಚಿತ್ರ ಕಟ್ಟುತ್ತದೆ. ನಮ್ಮ ಹಳ್ಳಿಯಲ್ಲಿ ಹೆಂಗಸೊಬ್ಬಳು ಇದನ್ನು ಹೇಳಿದರೆ ತಲೆ ಕೆಟ್ಟಿದೆ, ಗಾಳಿ ಸೋಕಿದೆ ಎನ್ನುತ್ತಾರೆಂಬ ಅಂಜಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇದು ಹುಚ್ಚಲ್ಲ. ಬಹಳ ಜನರಲ್ಲಿ ಕಾಲಕ್ರಮೇಣ ತಗ್ಗುತ್ತದೆ, ನೋವು ಹೆಚ್ಚಿದ್ದರೆ ನರದ ನೋವಿನ ಔಷಧಗಳಿವೆ. ವೈದ್ಯರು ಆಪರೇಷನ್ನಿಗೆ ಮೊದಲೇ ಇದನ್ನು ಹೇಳಿಬಿಟ್ಟರೆ ಅರ್ಧ ಸಂಕಟ ಅಲ್ಲೇ ಮುಗಿಯುತ್ತದೆ.

ಒಂದೇ ಕಣ್ಣಿನ ನೋಟಕ್ಕೆ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ, ದೊಡ್ಡವರಿಗೆ ತಿಂಗಳುಗಳು ಬೇಕು. ಚಹಾ ಸುರಿಯುವಾಗ ಕಪ್ಪಿನ ಆಚೆಗೆ ಬೀಳುವುದು, ಕೊನೆಯ ಮೆಟ್ಟಿಲು ತಪ್ಪುವುದು, ಹೋದ ಕಣ್ಣಿನ ಬದಿಯಿಂದ ಬಂದ ಬೈಕು ಕಾಣದಿರುವುದು ಮೊದಲ ದಿನಗಳ ಪಾಡು. ಪಾತ್ರೆಯ ತುದಿಯನ್ನು ಕಪ್ಪಿಗೆ ತಾಗಿಸಿ ಸುರಿಯುವುದು, ರಸ್ತೆ ದಾಟುವಾಗ ಪೂರ್ತಿ ಕತ್ತು ತಿರುಗಿಸುವುದು ರೂಢಿಯಾಗಬೇಕು. ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ನೋಟ ಕಳೆದುಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಭಾರತಕ್ಕಾಗಿ ಮೊದಲ ಟೆಸ್ಟ್ ಆಡಿದರು, 21ನೆಯ ವಯಸ್ಸಿಗೆ ನಾಯಕರಾದರು, ಒಟ್ಟು ಆರು ಶತಕ ಹೊಡೆದರು. ಮಗುವಿನ ಮುಂದೆ ಅಯ್ಯೋ ಎನ್ನುವ ಮೊದಲು ಬಂಧುಗಳು ಇದನ್ನು ನೆನೆಯಲಿ.

ಆದರೆ ಉಳಿದ ಒಂದು ಕಣ್ಣಿಗೆ ನಮ್ಮ ಸೀಮೆಯಲ್ಲಿ ಅಪಾಯ ಹೆಚ್ಚು. ಜೋಳದ ಗರಿ, ತೊಗರಿ ಕಟ್ಟಿಗೆಯ ತುದಿ, ಜಾಲಿ ಮುಳ್ಳು, ಚಿನ್ನಿ ದಾಂಡು. ಗೀರಿದ ಕಣ್ಣಿಗೆ ಫಂಗಸ್ ಹತ್ತಿ ಹುಣ್ಣಾದರೆ ಹದಿನೈದು ದಿನದಲ್ಲಿ ನೋಟ ಹೋಗಬಹುದು. ನಂಬರ್ ಇರಲಿ ಇಲ್ಲದಿರಲಿ, ಎಚ್ಚರವಿರುವಷ್ಟು ಹೊತ್ತೂ ಪಾಲಿಕಾರ್ಬೊನೇಟ್ ಚಷ್ಮಾ ಹಾಕಬೇಕು. ಸರಕಾರದ ನೆರವು ನೆಚ್ಚುವವರಿಗೆ ಒಂದು ಮಾತು: ಉಳಿದ ಕಣ್ಣು ಚೆನ್ನಾಗಿದ್ದರೆ ಅಂಗವಿಕಲತೆಯ ಪ್ರಮಾಣ ಶೇ. 30 ಎಂದು ಲೆಕ್ಕ ಹಿಡಿಯುತ್ತಾರೆ, ಬಹುತೇಕ ಸೌಲಭ್ಯಗಳಿಗೆ ಶೇ. 40 ಬೇಕು. ಈ ಹತ್ತು ಅಂಶದ ಅಂತರ ಹೊಲದಲ್ಲಿ ದುಡಿಯುವವನಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಎಲ್ಲಕ್ಕಿಂತ ಗಂಭೀರವಾದದ್ದು ಕ್ಯಾನ್ಸರ್ ಮರಳುವುದು. ಮೊದಲ ಎರಡು ವರ್ಷ ಕಣ್ಣಿಟ್ಟು ಕಾಯಬೇಕು. ಚೆನ್ನಾಗಿ ಕೂರುತ್ತಿದ್ದ ಕೃತಕ ಕಣ್ಣು ಮುಂದಕ್ಕೆ ತಳ್ಳಿದಂತಾಗುವುದು, ಗೂಡಿನಲ್ಲಿ ಗಟ್ಟಿ ಗಂಟು, ಕಿವಿಯ ಮುಂದೆ ಗಡ್ಡೆ, ಬಿಡದ ತಲೆನೋವು ಮತ್ತು ವಾಂತಿ, ಇವು ಅದರ ಸೂಚನೆ. ಕೃತಕ ಕಣ್ಣು ಕೂರುತ್ತಿಲ್ಲವೆಂದು ಅದನ್ನು ಅರೆದು ಸಣ್ಣದು ಮಾಡಿಸಿಕೊಳ್ಳಲು ಹೋಗಬಾರದು. ಮೊದಲು ಕ್ಯಾನ್ಸರ್ ವೈದ್ಯರು ನೋಡಬೇಕು.

ರೋಗ ವಂಶವಾಹಿಯಲ್ಲಿದ್ದರೆ ಇನ್ನೊಂದು ಕಣ್ಣಿಗೂ ಬರಬಹುದು. ಈ ಕ್ಯಾನ್ಸರಿಗೆ ಕಾರಣ 13ನೆಯ ವರ್ಣತಂತುವಿನ ಆರ್‌ಬಿ1 ಎಂಬ ಜೀನ್ ಕೆಡುವುದು. ಅದರ ಎರಡೂ ಪ್ರತಿ ಕೆಟ್ಟಾಗ ಕೋಶ ಕ್ಯಾನ್ಸರ್ ಆಗುತ್ತದೆಂದು 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಊಹಿಸಿದರು, ಮುಂದೆ ಅದು ನಿಜವಾಯಿತು. ಸುಮಾರು ಶೇ. 40 ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಅಂಥವರಿಗೆ ಹದಿಹರೆಯದಲ್ಲಿ ಎಲುಬಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಹುಡುಗ ಮೊಣಕಾಲು ನೋವೆಂದರೆ ಆಟದಲ್ಲಿ ಬಿದ್ದಿರಬೇಕೆಂದು ಎಣ್ಣೆ ತಿಕ್ಕಿ ಸುಮ್ಮನಾಗದೆ ಎಕ್ಸ್‌ರೇ ತೆಗೆಸಬೇಕು. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಈ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ, ಆದ್ದರಿಂದ ಕೂಸು ಹುಟ್ಟಿದ ಮೊದಲ ವಾರಗಳಲ್ಲೇ ಕಣ್ಣಿನ ಪರೀಕ್ಷೆ ಆಗಬೇಕು. ರೋಗಿಯ ತಮ್ಮ ತಂಗಿಯರಿಗೂ ಅಷ್ಟೇ. ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸಬೇಕು. ಸೋದರಮಾವನಿಗೆ ಕೊಟ್ಟದ್ದರಿಂದ ಹೀಗಾಯಿತು ಎಂದು ಸೊಸೆಯನ್ನು ಹಂಗಿಸುವ ಮನೆಗಳಿವೆ. ರಕ್ತಸಂಬಂಧದ ಮದುವೆಯಿಂದ ಬರುವ ರೋಗಗಳು ಬೇರೆ. ಇದು ಹಾಗೆ ಬರುವಂಥದಲ್ಲ, ಹೆಚ್ಚಿನ ಮಕ್ಕಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಹುಟ್ಟಿದ್ದು. ತಾಯಿಯದಾಗಲಿ, ತಂದೆಯದಾಗಲಿ ತಪ್ಪಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಕಾಗದಗಳಲ್ಲಿ ರೋಗಶಾಸ್ತ್ರದ ವರದಿ ಇದೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೆ ಅದು ಯಾವ ದಿನ ಬರುತ್ತದೆ ಎಂದು ಬರೆಸಿಕೊಳ್ಳಿ, ಆ ದಿನ ಹೋಗಿ ತನ್ನಿ. ಅದನ್ನು ಮನೆಯ ಪಹಣಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ, ಮಗು ದೊಡ್ಡವನಾದ ಮೇಲೂ ಎಸೆಯಬೇಡಿ. ಇಪ್ಪತ್ತು ವರ್ಷದ ನಂತರ ಅವನಿಗೆ ಮಗು ಹುಟ್ಟಿದಾಗ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.